ಉಸುಕಿನ ಮೇಲಿನ ಕೆನೆ

ಗುರುಲಿಂಗಪ್ಪನನ್ನು ‘ನೀರು ಬಿಡುವವನು’ ಎಂದು ಕರೆದರೆ ಅವನಿಗೆ ಸಿಟ್ಟು ಬರುತ್ತಿತ್ತು. “ಬಿಡೋದು ವಾಲ್ವಿನ ಕೆಲಸ. ನಾ ನೀರು ತಯಾರ ಮಾಡ್ತೇನಿ,” ಎನ್ನುತ್ತಿದ್ದ. ನೀರು ತಯಾರು ಮಾಡುವವನು ಮೇಲೊಬ್ಬ ಇದ್ದಾನಲ್ಲಪ್ಪಾ ಎಂದು ಯಾರಾದರೂ ಕೆಣಕಿದರೆ, “ಅವ ಕಚ್ಚಾ ಮಾಲು ಕಳಸ್ತಾನ,” ಎಂದು ಆ ಮಾತನ್ನೂ ಅಲ್ಲಿಗೇ ಮುಗಿಸುತ್ತಿದ್ದ.

ಇಂಡಿಗೂ ಸಿಂದಗಿಗೂ ನಡುವೆ, ಬಸ್ಸುಗಳು ಹತ್ತು ನಿಮಿಷ ನಿಂತು ಹೋಗುವ ಊರು ನಮ್ಮದು. ಸ್ಟ್ಯಾಂಡಿನ ಎದುರಿಗೆ ನನ್ನ ಔಷಧದ ಅಂಗಡಿ. ಅಂಗಡಿಯ ಪಕ್ಕದ ಬೇವಿನ ಗಿಡದ ಕೆಳಗೆ ರೇವವ್ವನ ಮಜ್ಜಿಗೆಯ ಗಡಿಗೆ. ಊರ ಹೊರಗೆ ಕೆರೆ. ಕೆರೆಯ ದಂಡೆಯ ಮೇಲೆ, ತಂತಿಬೇಲಿಯ ಒಳಗೆ, ಗುರುಲಿಂಗಪ್ಪನ ಸಂಸ್ಥಾನ.

ಸಂಸ್ಥಾನ ಎಂದರೆ ಎರಡು ಸಿಮೆಂಟಿನ ತೊಟ್ಟಿಗಳು. ಒಂದೊಂದೂ ಶಾಲೆಯ ಎರಡು ಕೋಣೆಗಳಷ್ಟು ಅಗಲ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಡಿ, ಅದರ ಮೇಲೆ ಗರಸು, ಎಲ್ಲಕ್ಕೂ ಮೇಲೆ ಸೊಂಟಮಟ್ಟ ಭೀಮಾ ನದಿಯ ಸಣ್ಣ ಉಸುಕು. ಕೆರೆಯ ನೀರು ಬಂದು ಉಸುಕಿನ ಮೇಲೆ ನಿಲ್ಲುತ್ತದೆ, ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ, ತಳದ ಪೈಪಿನಿಂದ ತಿಳಿಯಾಗಿ ಹೊರಗೆ ಬರುತ್ತದೆ. ಅಲ್ಲಿಂದ ಪಂಪಿನ ಕೋಣೆಗೆ, ಪಂಪಿನಿಂದ ಊರ ನಡುವಿನ ಎತ್ತರದ ಟ್ಯಾಂಕಿಗೆ, ಟ್ಯಾಂಕಿನಿಂದ ನಳಕ್ಕೆ. ತೊಟ್ಟಿಯಲ್ಲಿ ಮಾತ್ರ ಯಂತ್ರವಿಲ್ಲ, ಸದ್ದಿಲ್ಲ, ತಿರುಗುವ ಚಕ್ರವಿಲ್ಲ. ನೋಡಲು ಬಂದವರಿಗೆ ನೋಡುವಂಥದ್ದು ಏನೂ ಇಲ್ಲ. ಗುರುಲಿಂಗಪ್ಪನ ಜೀವಮಾನದ ಕೊರಗು ಅದೇ ಆಗಿತ್ತು.

ವಿಜಯಪುರದಲ್ಲಿ ಮೂರು ದಿನದ ತರಬೇತಿಗೆ ಹೋಗಿ ಬಂದು, ಅವರು ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಪಂಪಿನ ಕೋಣೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದ. ದೇವರಿಗಿಂತ ಒಂದು ಮೊಳೆ ಮೇಲೆ. ಕೇಳಿದರೆ, “ಕೆಳಗ ಜಾಗಾ ಇರಲಿಲ್ಲ,” ಅನ್ನುತ್ತಿದ್ದ. ಕೈಯಲ್ಲಿ ಯಾವಾಗಲೂ ಒಂದು ಬಿದಿರಿನ ಕೋಲು, ಅದರ ಮೇಲೆ ಗೇಣಿಗೊಂದು ಕೆಂಪು ಬಣ್ಣದ ಗೆರೆ. ನೀರಿಗೆ ಅದ್ದಿ, ಗಡಿಯಾರ ನೋಡಿ, ಮುಖ ಗಂಭೀರ ಮಾಡಿಕೊಂಡು ನಿಲ್ಲುತ್ತಿದ್ದ.

“ಉಸುಕಿನ ಮ್ಯಾಲಿನ ನೀರು ತಾಸಿಗೆ ಅರ್ಧ ಗೇಣು ಇಳೀಬೇಕ್ರಿ,” ಎಂದು ನನಗೆ ಎಷ್ಟು ಸಲ ಹೇಳಿದ್ದಾನೋ. “ಅದಕ್ಕಿಂತ ಜೋರ ಇಳೀತಂದ್ರ ಆ ನೀರು ಉಸುಕಿನ ಜೋಡಿ ಮಾತ ಆಡಿಲ್ಲ ಅಂತ ತಿಳೀರಿ. ಸಂತ್ಯಾಗ ಹಾದು ಬಂದಂಗ ಬಂದೈತಿ, ಒಂದು ಸಾಮಾನೂ ತಂದಿಲ್ಲ.”

“ಮ್ಯಾಲಿಂದ ಇನ್ನಷ್ಟು ನೀರು ಹೇರಿದ್ರ?”

“ನಿಮ್ಮ ಮ್ಯಾಲೆ ನಾಕು ಚೀಲ ಜ್ವಾಳ ಹೇರಿದ್ರ ನೀವು ಗುಳಿಗಿ ಸರಿಯಾಗಿ ಓದಿ ಕೊಡ್ತೀರೇನು? ಉಸುಕಿಗೂ ಒಂದು ತಾಕತ್ತು ಅಂತ ಇರ್ತೈತ್ರಿ.”

ಅವನ ಅಸಲಿ ಪ್ರೀತಿ ಇದ್ದದ್ದು ಉಸುಕಿನ ಮೇಲೂ ಅಲ್ಲ. ಅದರ ಮೇಲೆ ಕಟ್ಟುತ್ತಿದ್ದ ಹಸಿರು ಮಿಶ್ರಿತ ಕಂದು ಬಣ್ಣದ ಲೋಳೆಯ ಪದರಿನ ಮೇಲೆ. ಊರವರು ಅದನ್ನು ಪಾಚಿ ಎನ್ನುತ್ತಿದ್ದರು. ಅವನು ‘ಕೆನಿ’ ಎನ್ನುತ್ತಿದ್ದ. “ಹಾಲಿನ ಮ್ಯಾಲೆ ಕೆನಿ ಕಟ್ಟಿದಂಗ. ಅದರಾಗ ಕಣ್ಣಿಗೆ ಕಾಣದ ಜೀವ ಇರ್ತಾವು. ಬ್ಯಾನಿ ತರೋ ಹುಳ ಬಂದ್ರ ತಿಂದು ಹಾಕ್ತಾವು. ಉಸುಕು ಬರೇ ಕಸ ತಡಿತೈತಿ, ನೀರು ಶುದ್ಧ ಮಾಡೋದು ಈ ಕೆನಿ.” ಆ ಕೆನೆ ತೀರ ದಪ್ಪವಾಗಿ ನೀರು ಇಳಿಯುವುದೇ ನಿಂತಾಗ, ಎರಡು ಮೂರು ತಿಂಗಳಿಗೊಮ್ಮೆ, ಅದನ್ನು ಬಳಿದು ತೆಗೆಯಬೇಕು. ಆದರೆ ಒಂದು ಸಲಕ್ಕೆ ಒಂದೇ ತೊಟ್ಟಿ. ಒಂದನ್ನು ಬಳಿದಾಗ ಇನ್ನೊಂದು ಊರಿಗೆ ನೀರು ಕೊಡಬೇಕು. ಬಳಿದ ತೊಟ್ಟಿಗೆ ಹೊಸ ಕೆನೆ ಕಟ್ಟಲು ಹತ್ತು ಹದಿನೈದು ದಿನ ಬೇಕು. ಅಲ್ಲಿಯ ತನಕ ಅದರ ನೀರನ್ನು ಹೊಲಕ್ಕೆ ಬಿಡಬೇಕು. ಇದನ್ನು ಅವನು ಬೇಡವೆಂದರೂ ಎಲ್ಲರಿಗೂ ಹೇಳುತ್ತಿದ್ದ. ಹೀಗಾಗಿ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ಅವನಿಗೂ ಇಲ್ಲ, ನನಗೂ ಇಲ್ಲ.

ಈ ವಿದ್ಯೆಗೆಲ್ಲ ಊರಲ್ಲಿ ಅವನನ್ನು ಹೊಗಳುತ್ತಿದ್ದವಳು ರೇವವ್ವ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಕುರಿ ಮಾರಿ ಎರಡು ಎಮ್ಮೆ ಕಟ್ಟಿ, ಸ್ಟ್ಯಾಂಡಿನಲ್ಲಿ ಮಜ್ಜಿಗೆ ಮಾರಿ ಸಂಸಾರ ನಡೆಸಿದವಳು. ಹಸಿ ಶುಂಠಿ, ಕೊತ್ತಂಬರಿ, ಹಿಡಿ ಉಪ್ಪು. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ, ಸಿಂದಗಿ ಹಾಯ್ದು ಇಂಡಿಗೆ ಹೋಗುವ ಬಸ್ಸಿನವರು ನಮ್ಮೂರಿಗೆ ಇಟ್ಟ ಹೆಸರೇ ‘ಮಜ್ಜಿಗಿ ಸ್ಟಾಪು’. “ನನ್ನ ಕೈಯಾಗ ಏನೂ ಇಲ್ಲಪ್ಪಾ, ಗುರುಲಿಂಗಪ್ಪನ ನೀರಾಗ ಐತಿ,” ಎಂದು ಅವಳು ಗಿರಾಕಿಗಳಿಗೆ ಹೇಳುತ್ತಿದ್ದಳು. ಗುರುಲಿಂಗಪ್ಪ ದಿನಾ ಹತ್ತೂವರೆಗೆ ಸರಿಯಾಗಿ ಬಂದು ಆ ಮಾತು ಕಿವಿಗೆ ಬೀಳುವಷ್ಟು ದೂರದಲ್ಲಿ ನಿಲ್ಲುತ್ತಿದ್ದ.

ಈ ಬೇಸಿಗೆಯಲ್ಲಿ ಅವನ ಮಗಳು ಭಾಗ್ಯಜ್ಯೋತಿಗೆ ಯಂಕಂಚಿಯ ಸಂಬಂಧ ಕೂಡಿ ಬಂತು. ಹುಡುಗಿ ಬಿ.ಎಸ್ಸಿ. ಮುಗಿಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಹುಡುಗನಿಗೆ ಅವಳು ಒಪ್ಪಿಗೆ. ಅವಳಿಗೆ ಹುಡುಗ ಒಪ್ಪಿಗೆ. ಉಳಿದದ್ದು ದೊಡ್ಡವರು ಬಂದು ತಾವೇ ಒಪ್ಪಿಸಿದೆವು ಅನ್ನುವ ಶಾಸ್ತ್ರ. ಹುಡುಗನ ತಂದೆ ಮಲಕಾಜಪ್ಪನವರು ಫೋನಿನಲ್ಲಿ, “ನಿಮ್ಮ ಪ್ಲಾಂಟೂ ನೋಡಿದಂಗ ಆಕೈತಿ,” ಅಂದರಂತೆ. ಪ್ಲಾಂಟು ಎಂಬ ಮಾತು ಅವರಿಗೆ ಎಲ್ಲಿಂದ ಸಿಕ್ಕಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಗುರುಲಿಂಗಪ್ಪ ನನ್ನ ಅಂಗಡಿಗೆ ಬಂದು ಕಟ್ಟೆಯ ಮೇಲೆ ಕೋಲು ಇಟ್ಟ.

“ಬೀಗರು ಪ್ಲಾಂಟ್ ನೋಡಾಕ ಬರ್ತಾರಂತರಿ. ಸೋಮವಾರ.”

ನಾನು ಯಾರದೋ ಚೀಟಿ ಓದುತ್ತಿದ್ದೆ. ತಲೆ ಎತ್ತದೆಯೇ ಅಂದೆ: “ಏನ ತೋರಸ್ತಿ? ಆ ಪಾಚಿ ಹೊಂಡ? ಎಮ್ಮಿ ಮೈ ತೊಳೆಯೋ ಜಾಗಾ ಅಂತ ತಿಳದಾರು. ಬಳದು ಒಗಿ. ಉಸುಕಾದ್ರೂ ಕಾಣಲಿ.”

“ಒಂದು ತೊಟ್ಟಿ ಬಳದ ಇನ್ನೂ ಹದಿನೆಂಟು ದಿನ ಆಗೇದ. ಇನ್ನೊಂದು ಈಗ ಜೋರ್ದಾರ್ ನಡದೈತಿ.”

“ಹಂಗಾದ್ರ ಅರ್ಧ ಪಾಚಿ, ಅರ್ಧ ಉಸುಕು ತೋರ್ಸು. ಅರ್ಧ ಬೀಗರು ಒಪ್ಪತಾರ,” ಎಂದು ನಕ್ಕೆ.

ಆ ಮಾತು ಆಡಿ ನಾನು ಮರೆತೆ. ಔಷಧದ ಅಂಗಡಿಯವನ ಬಾಯಲ್ಲಿ ಬಂದ ಮಾತಿಗೆ ಊರಲ್ಲಿ ಸ್ವಲ್ಪ ತೂಕ ಜಾಸ್ತಿ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಸುಮ್ಮಸುಮ್ಮನೆ ಮಾತಾಡುವ ಚಟವೂ ಇತ್ತು.

ಶನಿವಾರ ಬೆಳಗಿನಿಂದ ಭಾನುವಾರ ಸಂಜೆಯವರೆಗೆ ಗುರುಲಿಂಗಪ್ಪ ಎರಡೂ ತೊಟ್ಟಿ ಬರಿದು ಮಾಡಿ, ಎರಡರದ್ದೂ ಕೆನೆ ಬಳಿದ. ಉಸುಕಿನ ಮೇಲೆ ಹಲಗೆ ಎಳೆದು ಸಮ ಮಾಡಿದ. ದಂಡೆಗೆ ಸುಣ್ಣ ಬಳಿದ. ಮತ್ತೆ ನೀರು ತುಂಬಿದಾಗ ಆ ಉಸುಕು ತಳದಲ್ಲಿ ಸಕ್ಕರೆ ಚೆಲ್ಲಿದ ಹಾಗೆ ಹೊಳೆಯುತ್ತಿತ್ತು. ಸೋಮವಾರ ಹನ್ನೊಂದಕ್ಕೆ ಬೀಗರು ಬಂದರು; ನನ್ನನ್ನೂ ಕರೆದಿದ್ದರಿಂದ ನಾನೂ ಹೋದೆ. ಬೆಳಗ್ಗೆಯಿಂದ ನಳಗಳು ಒಣಗಿದ್ದವು. ಎರಡು ದಿನ ತೊಟ್ಟಿ ನಿಲ್ಲಿಸಿದ್ದಕ್ಕೆ ಟ್ಯಾಂಕು ಖಾಲಿಯಾಗಿ, ದಾರಿಯಲ್ಲಿ ಹೆಂಗಸರು ಕೊಡ ಹಿಡಿದು ಗುರುಲಿಂಗಪ್ಪನ ಮೂರು ತಲೆಮಾರನ್ನು ನೆನೆಯುತ್ತಿದ್ದರು. ಬೀಗರ ಎದುರಿಗೆ ಆ ಮಾತು ಕೇಳಿಸಬಾರದು ಎನ್ನುವುದೊಂದು, ನೀರಿನ ಜೋರು ತೋರಿಸಬೇಕು ಎನ್ನುವುದೊಂದು. ಅವನು ಹೊರಹರಿವಿನ ವಾಲ್ವನ್ನು ಪೂರ್ತಿ ತಿರುವಿ ಬಿಟ್ಟ. ನೀರು ಭೋರೆಂದು ಹೊರಟಿತು.

“ಅಬಬಬ!” ಅಂದರು ಮಲಕಾಜಪ್ಪನವರು. “ಒಬ್ಬರ ಕೈಯಾಗ ಇಷ್ಟೆಲ್ಲಾ?”

“ನಡಸ್ತೇನ್ರಿ, ಹೆಂಗೋ,” ಎಂದ ಗುರುಲಿಂಗಪ್ಪ, ಅಣೆಕಟ್ಟು ಕಟ್ಟಿದವನ ವಿನಯದಿಂದ.

ಅವತ್ತು ಅವನ ಕೋಲು ಪಂಪಿನ ಕೋಣೆಯ ಮೂಲೆಯಲ್ಲಿತ್ತು. ತಾಸಿಗೆ ಅರ್ಧ ಗೇಣು ಇಳಿಯಬೇಕಾದ ನೀರು ಎರಡು ಮೊಳ ಇಳಿಯುತ್ತಿತ್ತು. ಕೆನೆ ಇಲ್ಲದ ಉಸುಕಿನ ಮೇಲೆ ಅಷ್ಟು ಹೊರೆ. ಸುಣ್ಣದ ದಂಡೆಯ ಮೇಲೆ ನಿಂತು ನಾವು ಕಬ್ಬಿನ ಹಾಲು ಕುಡಿದೆವು. ಹೊಲಕ್ಕೆ ಹೋಗಬೇಕಾದ ನೀರು ಊರಿಗೆ ಹೋಯಿತು. ಬ್ಲೀಚಿಂಗ್ ಪುಡಿಯನ್ನು ಅವನು ಎಂದಿನಷ್ಟೇ ಹಾಕಿದ್ದ. ಕೆನೆ ಹಾಯ್ದು ಬಂದ ನೀರಿಗೆ ಸಾಕಾಗುತ್ತಿದ್ದ ಪುಡಿ ಈ ನೀರಿಗೆ ಎಲ್ಲಿಗೂ ಸಾಲಲಿಲ್ಲ.

ಬುಧವಾರ ನನ್ನ ಅಂಗಡಿಯ ಮುಂದೆ ಸಾಲು ಹತ್ತಿತು. ವಾಂತಿ, ಭೇದಿ. ಗುರುವಾರ ಸಾಲು ರಸ್ತೆಯವರೆಗೆ ಬಂತು. ಉಪ್ಪು-ಸಕ್ಕರೆಯ ಪುಡಿಯ ಪೊಟ್ಟಣ ಮುಗಿದು ಇಂಡಿಯಿಂದ ತರಿಸಿದೆ, ಅದೂ ಮುಗಿಯಿತು. ಅಷ್ಟು ವ್ಯಾಪಾರ ನಾನು ಆ ಅಂಗಡಿಯಲ್ಲಿ ಯಾವತ್ತೂ ಮಾಡಿಲ್ಲ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ರೇವವ್ವನ ಮೊಮ್ಮಗಳು, ನಾಲ್ಕು ವರ್ಷದ ಕಾವೇರಿ, ಕಣ್ಣು ಒಳಗೆ ಹೋಗಿ ಮಾತು ನಿಂತು, ಮೂರು ದಿನ ಇಂಡಿಯ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದಳು.

ನಮ್ಮೂರ ಆಶಾ ಕಾರ್ಯಕರ್ತೆ ಬುಶ್ರಾ ಮನೆಮನೆಗೆ ಹೋಗಿ ಕೇಳಿದಳು: “ಮೂರ್ನಾಕು ದಿನದಾಗ ಏನೇನ ತಿಂದೀರಿ, ಏನ ಕುಡದೀರಿ, ನೆನಪು ಮಾಡ್ಕೊಂಡು ಹೇಳ್ರಿ.” ಜನ ನೆನಪು ಮಾಡಿಕೊಂಡು ಹೇಳಿದರು. ಕಲ್ಲಂಗಡಿ, ಮಿರ್ಚಿ, ಮದುವೆ ಮನೆಯ ಮಾದಲಿ, ಮತ್ತೆ ಬೇಸಿಗೆಯಾದ್ದರಿಂದ ಎಲ್ಲರ ಬಾಯಲ್ಲೂ ಒಂದು: ರೇವವ್ವನ ಮಜ್ಜಿಗೆ. ನೀರು ಕುಡಿದೆ ಎಂದು ಒಬ್ಬರೂ ಹೇಳಲಿಲ್ಲ. ಏನು ಕುಡಿದಿರಿ ಎಂದು ಕೇಳಿದರೆ ಯಾರು ತಾನೆ ನೀರು ಅನ್ನುತ್ತಾರೆ?

ಬುಶ್ರಾ ಬರೆದುಕೊಂಡದ್ದು ಅಷ್ಟೇ. ಅದನ್ನು ತೀರ್ಪು ಮಾಡಿದವನು ಅನಿಲ. ನಮ್ಮ ಪಂಚಾಯಿತಿಗೆ ಅಧ್ಯಕ್ಷೆ ಸುಮಿತ್ರಾಬಾಯಿ. ಅಧ್ಯಕ್ಷೆಯ ಮಾತಾಡುವ ಭಾಗವನ್ನು ಅವಳ ಗಂಡ ಅನಿಲ ವಹಿಸಿಕೊಂಡಿದ್ದಾನೆ. ಬುಧವಾರ ರಾತ್ರಿಯೇ ಊರಿನ ವಾಟ್ಸಾಪ್ ಗುಂಪಿನಲ್ಲಿ, ‘ಸ್ಟ್ಯಾಂಡಿನ ಮಜ್ಜಿಗೆ ಕುಡಿಯಬೇಡಿರಿ, ಪ್ರಾಣಕ್ಕೆ ಅಪಾಯ’ ಎಂದು ಮೂರು ಕೆಂಪು ಗುರುತು ಹಾಕಿ ಕಳಿಸಿದ. ಅದು ಕಂಡಕ್ಟರುಗಳ ಫೋನಿಗೆ ಹೋಯಿತು. ಎರಡೇ ದಿನದಲ್ಲಿ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ತನಕ ‘ಮಜ್ಜಿಗಿ ಸ್ಟಾಪಿ’ನಲ್ಲಿ ಇಳಿಯಬೇಡಿರಿ ಎಂಬ ಸುದ್ದಿ ಮುಟ್ಟಿತು. ಹೊಲಮನೆ ಇದ್ದ ಸ್ಥಿತಿವಂತ ಗುರುಲಿಂಗಪ್ಪನ ತೊಟ್ಟಿಯ ಕಡೆಗೆ ಯಾರ ಕಣ್ಣೂ ಹೋಗಲಿಲ್ಲ. ಗಿಡದ ಕೆಳಗೆ ಕೂತ ಹೆಂಗಸು ಎಲ್ಲರ ಕಣ್ಣಿಗೂ ಹತ್ತಿರವಿದ್ದಳು.

ಗುರುವಾರ ಮಧ್ಯಾಹ್ನ ಗುರುಲಿಂಗಪ್ಪ ಅಂಗಡಿಗೆ ಬಂದ. ಸಾಲನ್ನು ನೋಡಿದ. ಒಳಗೆ ಬಂದು ಔಷಧದ ಪೆಟ್ಟಿಗೆಗಳ ಹಿಂದೆ ನಿಂತ.

“ವಾಲ್ವ್ ಸಣ್ಣ ಮಾಡೇನಿ,” ಎಂದ ಪಿಸುಮಾತಿನಲ್ಲಿ. “ಪುಡಿ ಮೂರು ಪಟ್ಟು ಹಾಕೇನಿ. ಎಲ್ಲಾರಿಗೂ ಕುದಿಸಿ ಕುಡೀರಿ ಅಂತ ಹೇಳೇನಿ, ಹವಾ ಸರಿ ಇಲ್ಲ ಅಂತ ಹೇಳಿ.”

“ಹವಾ ಸರಿ ಇಲ್ಲ ಅಂದ್ಯಾ?”

“ಮತ್ತೇನನ್ಲಿ?”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಸಲಹೆ ಕೊಡುವ ಚಟ ನನ್ನನ್ನು ಅವತ್ತೂ ಬಿಡಲಿಲ್ಲ. “ನಿಶ್ಚಯ ಒಂದು ಮುಗೀಲಿ. ಹುಡುಗಿ ಬಾಳೇ ಐತಿ. ಆಮ್ಯಾಲೆ ನೋಡೂಣು,” ಅಂದೆ. ರೇವವ್ವನ ಹೆಸರನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಿಟಕಿಯಿಂದ ಅವಳ ಗಡಿಗೆ ಕಾಣುತ್ತಿತ್ತು. ಅದರ ಬಾಯಿಗೆ ಕಟ್ಟಿದ ಒದ್ದೆ ಬಟ್ಟೆ ಬೆಳಗ್ಗೆಯಿಂದ ಬಿಚ್ಚಿರಲಿಲ್ಲ.

ಅದಾಗಿ ವಾರದ ಮೇಲೆ ನಡೆದದ್ದನ್ನು ಅವನೇ ಹೇಳಿದ್ದು. ಆಸ್ಪತ್ರೆಯಿಂದ ಕಾವೇರಿಯನ್ನು ಮನೆಗೆ ತಂದ ಮರುದಿನ ರೇವವ್ವ ಗಡಿಗೆ ಹೊತ್ತುಕೊಂಡು ಕೆರೆಯ ದಂಡೆಗೆ ಬಂದಳಂತೆ. ಇವನು ಕೋಲು ಹಿಡಿದು ನಿಂತಿದ್ದ.

“ಗುರುಲಿಂಗಪ್ಪಾ, ನಿನ್ನ ತೊಟ್ಟಿ ನೀರು ಎರಡು ಕೊಡ ಕೊಡೋ. ಈ ಗಡಗಿ ತೊಳೀಬೇಕು.”

“ನಳದಾಗ ಬರ್ತೈತಲ್ಲ ಯಕ್ಕಾ.”

“ನಳದ್ದು ದಾರ್ಯಾಗ ಬಂದಿರ್ತೈತಿ. ಇಲ್ಲಿಂದಾದ್ರ ನಿಚ್ಚಳ ಇರ್ತೈತಿ. ಬೂದಿ ಹಾಕಿ ತಿಕ್ಕೇನಿ, ಹುಣಸಿಹಣ್ಣು ಹಾಕಿ ತಿಕ್ಕೇನಿ, ಬಿಸಿಲಾಗ ಇಟ್ಟೇನಿ. ಆದ್ರೂ ಇದರಾಗ ಏನೋ ಉಳದೈತಿ ಅನಸ್ತೈತಿ ನನಗ. ಮೊಮ್ಮಗಳಿಗೆ ನನ್ನ ಕೈಯಾರ ಕುಡಿಸಿದೆನಲ್ಲೋ. ಒಂದು ಲೋಟ ಕುಡೀತು, ಇನ್ನೊಂದು ಕೊಡು ಆಯೀ ಅಂತು, ಕೊಟ್ಟೆ.”

ಇವನು ನೀರು ಕೊಟ್ಟ. ಅವಳು ದಂಡೆಯ ಮೇಲೆ ಕೂತು ಗಡಿಗೆಯನ್ನು ಏಳು ಸಲ ತೊಳೆದಳು. ಪ್ರತಿ ಸಲವೂ ಇವನೇ ಬಗ್ಗಿ ಕೊಡ ತುಂಬಿ ಕೊಟ್ಟ. ಹೋಗುವಾಗ ಅವಳು, “ನಿನ್ನಂಥಾವ ಒಬ್ಬ ಇದ್ದಾನ ಅಂತ ಊರಾಗ ಉಳದದ್ದು ಉಳದೈತಿ,” ಅಂದಳಂತೆ.

“ಬಾಯಿ ತನಕ ಬಂದಿತ್ರಿ,” ಎಂದ ನನಗೆ. “ನೀರಿಂದ ಬ್ಯಾನಿ ಬಂತು ಯಕ್ಕಾ, ಮಜ್ಜಿಗಿಂದಲ್ಲ ಅಂತ. ಹೇಳಲಿಲ್ಲ. ಕೊಡ ತುಂಬಿ ತುಂಬಿ ಕೊಟ್ಟೆ. ಏನ ಮನಶ್ಯಾ ನಾ?”

ನಾನು ಪೆಟ್ಟಿಗೆಯಲ್ಲಿದ್ದ ಗುಳಿಗೆಗಳನ್ನು ಎಣಿಸತೊಡಗಿದೆ.

ಇಷ್ಟರಲ್ಲಿ ತಾಲೂಕಿನಿಂದ ನೀರಿನ ಮಾದರಿ ತೆಗೆದುಕೊಂಡು ಹೋಗಲು ಬಾಟಲಿ ಬಂತು. ಬರುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಅರ್ಧ ಗೇಣಿನ ಲೆಕ್ಕದಲ್ಲಿ ಮೆಲ್ಲಗೆ ಇಳಿಯುತ್ತಿದ್ದ ತೊಟ್ಟಿಗಳಲ್ಲಿ ಹೊಸ ಕೆನೆ ಕಟ್ಟಿತ್ತು. ತೊಟ್ಟಿ ತನ್ನ ಗಾಯ ತಾನೇ ಮಾಯಿಸಿಕೊಂಡಿತ್ತು. ಬುಶ್ರಾ ಎರಡು ಬಾಟಲಿ ನೀರು ತುಂಬಿ ಕಳಿಸಿದಳು. ವರದಿ ಬಂತು: ಕುಡಿಯಲು ಯೋಗ್ಯ. ಯಾವ ದೋಷವೂ ಇಲ್ಲ.

ಅನಿಲನಿಗೆ ಇದೊಂದು ಹಬ್ಬವಾಯಿತು. ಪಂಚಾಯಿತಿ ಕಟ್ಟಡದಲ್ಲಿ ಜನ ಸೇರಿಸಿದ. ಮೇಜಿನ ಮೇಲೆ ಒಂದು ಶಾಲು, ಒಂದು ಹಾರ. ಅಧ್ಯಕ್ಷೆ ಸುಮಿತ್ರಾಬಾಯಿ ನಡುವೆ ಕುರ್ಚಿಯಲ್ಲಿ, ಬಾಯಿಗೆ ಸೆರಗು ಹಿಡಿದುಕೊಂಡು. ಅನಿಲ ಎದ್ದು ನಿಂತು ವರದಿಯನ್ನು ಮದುವೆಯ ಲಗ್ನಪತ್ರಿಕೆ ಓದಿದ ಹಾಗೆ ಓದಿದ.

“ನಮ್ಮೂರ ನೀರು ಇಡೀ ತಾಲೂಕಿನ್ಯಾಗ ನಂಬರ ಒನ್ ಅಂತ ಸರ್ಕಾರನ ಬರದು ಕೊಟ್ಟೈತಿ. ಇದರ ಅರ್ಥ ಏನು? ಬ್ಯಾನಿ ಎಲ್ಲಿಂದ ಬಂತು ಅನ್ನೋದು ಇನ್ನ ಹೇಳೋದ ಬ್ಯಾಡ. ಬಸ್‌ಸ್ಟ್ಯಾಂಡಿನ್ಯಾಗ ಇನ್ನ ಮುಂದ ಮಜ್ಜಿಗಿ ಮಾರಬಾರದು ಅಂತ ಠರಾವ್ ಮಾಡೂಣು. ಮತ್ತ ನಮ್ಮ ಗುರುಲಿಂಗಪ್ಪಣ್ಣಗ ಒಂದು ಸನ್ಮಾನ. ಬರ್ರಿ ಅಣ್ಣಾ, ಮುಂದ ಬರ್ರಿ.”

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಕೈಗಳು ತಾವಾಗಿಯೇ ತಟ್ಟಿದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಗುರುಲಿಂಗಪ್ಪ ಮುಂದೆ ಬಂದ. ಅನಿಲ ಹಾರ ಎತ್ತಿದಾಗ ಅವನು ಕೊರಳು ಬಗ್ಗಿಸಲಿಲ್ಲ, ಕೈ ಅಡ್ಡ ಹಿಡಿದ.

“ಈ ಕಾಗದ ಇವತ್ತಿನ ನೀರಿಂದು,” ಎಂದ. “ಬ್ಯಾನಿ ಬಂದಾಗಿನ ನೀರು ಬ್ಯಾರೆ ಇತ್ತು.”

“ಏನಂದ್ರಿ?”

“ಬೀಗರು ಬರ್ತಾರಂತ ನಾ ಎರಡೂ ತೊಟ್ಟಿ ಒಮ್ಮೆಲೆ ಬಳದೆ. ಅದರ ಮ್ಯಾಲೆ ವಾಲ್ವ್ ಪೂರಾ ಬಿಟ್ಟೆ. ಮೂರು ದಿನ ಊರಿಗೆಲ್ಲಾ ಕೆರಿ ನೀರನ್ನ ಕುಡಿಸೇನಿ, ಕೆನಿ ಇಲ್ಲದ ಉಸುಕಿನ್ಯಾಗ ಹಾಯಿಸಿ. ರೇವವ್ವ ಆ ನೀರು ಮಜ್ಜಿಗ್ಯಾಗ ಹಾಕ್ಯಾಳ. ಮಜ್ಜಿಗಿ ಕುಡೀಲಾರದವರಿಗೂ ಬ್ಯಾನಿ ಬಂದೈತಿ, ಬುಶ್ರಾನ್ನ ಕೇಳ್ರಿ.”

ಬುಶ್ರಾ ಮೂಲೆಯಲ್ಲಿ ನಿಂತು ತನ್ನ ವಹಿ ತಿರುವಿದಳು. “ಹೌದ್ರಿ. ಹನ್ನೊಂದು ಮಂದಿ ಮಜ್ಜಿಗಿ ಮುಟ್ಟಿಲ್ಲ. ನಾ ಬರದಿದ್ದೆ. ಯಾರೂ ಕೇಳಲಿಲ್ಲ.”

ತಪ್ಪನ್ನು ಒಪ್ಪಿಕೊಂಡವನಿಗಿಂತ ಕೇಳಿದವರಿಗೆ ಹೆಚ್ಚು ಮುಜುಗರವಾದ ಹಾಗೆ ಕಂಡಿತು. ಅನಿಲ ಹಾರವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಎರಡು ಕೈಯಲ್ಲಿ ಹಿಡಿದೇ ನಿಂತಿದ್ದ. “ಅಣ್ಣಾ, ಆದದ್ದಾತು,” ಎಂದ ಕೊನೆಗೆ, ದನಿ ತಗ್ಗಿಸಿ. “ಕಾಗದ ನಿಮ್ಮ ಕಡೆ ಐತಿ. ಯಾರೂ ಸತ್ತಿಲ್ಲ. ಮಗಳ ಮದುವಿ ಬ್ಯಾರೆ ಐತಿ. ನೀವು ಹೇಳಿಲ್ಲ, ನಾವು ಕೇಳಿಲ್ಲ.”

ಹಿಂದೆ ಮೂರ್ನಾಲ್ಕು ಮಂದಿ ಹೂಂಗುಟ್ಟಿದರು. ಆಗ ಸುಮಿತ್ರಾಬಾಯಿ ಬಾಯಿಂದ ಸೆರಗು ತೆಗೆದಳು. ಅಧ್ಯಕ್ಷೆಯಾಗಿ ಎರಡು ವರ್ಷದಲ್ಲಿ ಆ ಕುರ್ಚಿಯಿಂದ ಬಂದ ಮೊದಲ ಮಾತು ಅದು.

“ರೇವವ್ವನ್ನ ಕರೀರಿ.”

“ಏ, ಆಕಿ ಯಾಕ ಈಗ—” ಎಂದ ಅನಿಲ.

“ಕರೀರಿ ಅಂದೆ.”

ರೇವವ್ವ ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. ಗುರುಲಿಂಗಪ್ಪ ಅವಳ ಕಡೆ ತಿರುಗಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಪಾಚಿ ಬಳಿಯಲು ಹೇಳಿದವನು ಯಾರು, ನಿಶ್ಚಯ ಮುಗಿಯಲಿ ಎಂದವನು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ. ನಾನು ಮೂರನೆಯ ಸಾಲಿನಲ್ಲಿದ್ದೆ. ಎದ್ದು ನಿಲ್ಲಲು ನನಗೂ ಎರಡು ಕಾಲಿದ್ದವು. ನಿಲ್ಲಲಿಲ್ಲ.

ರೇವವ್ವ ಬಾಗಿಲ ಚೌಕಟ್ಟು ಹಿಡಿದು ಕೇಳಿದಳು.

“ಅವತ್ತ ಗಡಗಿ ತೊಳಿಯಾಕ ಬಂದಾಗ ನಿನಗ ಗೊತ್ತಿತ್ತು?”

“ಗೊತ್ತಿತ್ತು.”

“ಏಳು ಸಲ ತೊಳದೆ. ನೋಡಕೋತ ನಿಂತಿ.”

“ನಿಂತೆ.”

“ಕಾವೇರಿ ಈಗೂ ನನ್ನ ಕೈಯಿಂದ ಏನ ಕೊಟ್ರೂ ಅವ್ವನ ಮಾರಿ ನೋಡ್ತೈತಿ, ಕುಡೀಲೋ ಬ್ಯಾಡೋ ಅಂತ.” ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನೀ ಇಲ್ಲಿ ಹೇಳಿದ್ರ ಇವರು ಕೇಳ್ಯಾರು. ನನ್ನ ಗಿರಾಕಿ ಇವರಲ್ಲ. ಬಸ್ಸಿನ್ಯಾಗ ಬರ್ತಾರ, ಬಸ್ಸಿನ್ಯಾಗ ಹೋಗ್ತಾರ. ನಾಳಿಂದ ನನ್ನ ಗಡಗಿ ಬಾಜೂಕ ಬಂದು ಕುಂಡ್ರು. ಬಂದ ಬಸ್ಸಿಗೆಲ್ಲಾ ಹೇಳು. ಒಂದು ಬಸ್ಸೂ ಬಿಡಬ್ಯಾಡ.”

“ರೇವವ್ವಾ, ಅಂವ ದೊಡ್ಡ ಮನಿತನದಾಂವ...” ಎಂದು ಅನಿಲ ಶುರು ಮಾಡಿದ.

“ಬರ್ತೇನಿ ಯಕ್ಕಾ,” ಎಂದ ಗುರುಲಿಂಗಪ್ಪ.

ಮನೆಯಲ್ಲಿ ಅವನ ಹೆಂಡತಿ ಸುನಂದಾ ಗೋಡೆಗೆ ತಲೆ ಆನಿಸಿ ಅತ್ತಳಂತೆ. ಮಗಳು ಭಾಗ್ಯಜ್ಯೋತಿ ಅಳಲಿಲ್ಲ. “ಅವತ್ತ ಕೆರಿ ಏರಿ ಮ್ಯಾಲಿಂದನ ಎರಡೂ ತೊಟ್ಟ್ಯಾಗ ಬೆಳ್ಳಗ ಉಸುಕು ಕಂಡಿತ್ತಪ್ಪಾ. ನನಗ ತಿಳದಿತ್ತು. ನೀ ಹೇಳ್ತಿ ಅಂತ ಕಾದೆ, ನೀ ಹೇಳದಿದ್ರ ನಾನಾದ್ರೂ ಹೇಳಬೇಕಿತ್ತು,” ಅಂದಳು. ನಿಶ್ಚಯಕ್ಕೆ ಮೊದಲೇ ಯಂಕಂಚಿಯ ಬೀಗರಿಗೆ ಫೋನು ಮಾಡಿ ಹೇಳಿಬಿಡೋಣ ಎಂದು ಹೆಂಡತಿ, ಕಾಗದ ಬರೆಯೋಣ ಎಂದು ಇವನು. ದಿನ ಹೋದವು, ಎರಡೂ ಆಗಲಿಲ್ಲ. ನಾನು ಆ ಸಲ ಯಾವ ಸಲಹೆಯನ್ನೂ ಕೊಡಲಿಲ್ಲ. ಆ ಮಟ್ಟಿಗೆ ಸುಧಾರಿಸಿದ್ದೆ.

ಮರುದಿನದಿಂದ ಗುರುಲಿಂಗಪ್ಪ ತೊಟ್ಟಿಯ ಕೆಲಸ ಮುಗಿಸಿ ಒಂಬತ್ತಕ್ಕೆ ಬೇವಿನ ಗಿಡದ ಕೆಳಗೆ ಬಂದು ಕೂರತೊಡಗಿದ. ಮೊದಲ ದಿನ ಇಂಡಿಯ ಬಸ್ಸು ನಿಂತಾಗ ಎದ್ದು ನಿಂತ, ಬಾಯಿ ತೆರೆದ, 'ನಮಸ್ಕಾರ್ರಿ' ಎಂದು ಕೂತುಬಿಟ್ಟ. ಪ್ರಯಾಣಿಕರು ಓಟು ಕೇಳಲು ಬಂದವನೆಂದು ತಿಳಿದರು.

“ನಮಸ್ಕಾರ ಯಾವನಿಗೆ ಬೇಕಾಗೈತಿ? ವಿಷಯ ಹೇಳು,” ಎಂದು ರೇವವ್ವ ತಿವಿದಳು.

ಎರಡನೆಯ ಬಸ್ಸಿಗೆ ಹೇಳಿದ. “ಈ ಯಮ್ಮನ ಮಜ್ಜಿಗ್ಯಾಗ ಏನೂ ಇರಲಿಲ್ರಿ. ಕೆಟ್ಟದ್ದು ನಾ ಮಾಡಿದ ನೀರು. ಈಗ ಸರಿಮಾಡೇನಿ. ತಪ್ಪು ನಂದು.” ಬರಬರುತ್ತ ಮಾತು ರೂಢಿಯಾಯಿತು, ಆದರೆ ಹಗುರಾಗಲಿಲ್ಲ, ಪ್ರತಿ ಸಲ ಕೊನೆಯ ಎರಡು ಶಬ್ದಕ್ಕೆ ಅವನು ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿಯುವುದು ನನ್ನ ಅಂಗಡಿಯಿಂದ ಕಾಣುತ್ತಿತ್ತು. ಕೆಲವರು ನಕ್ಕರು. “ಕುಡಿಸಿ ಬ್ಯಾನಿ ತರಸೋದು, ಆಮ್ಯಾಲೆ ಭಾಷಣ ಬ್ಯಾರೆ,” ಎಂದಳು ಬಾಗೇವಾಡಿಯ ಒಬ್ಬ ಮುದುಕಿ. ಲಚ್ಯಾಣದ ಮಠಕ್ಕೆ ಹೊರಟಿದ್ದ ಒಬ್ಬರು ಇಳಿದು ಬಂದು ಒಂದು ಲೋಟ ಕುಡಿದು, ಇನ್ನೊಂದು ಕೇಳಿದರು. ಅವತ್ತು ರೇವವ್ವ ತಿರುಗಿ ಕೂತು ಕಣ್ಣು ಒರೆಸಿಕೊಂಡಳು. ಇಪ್ಪತ್ತು ದಿನದಲ್ಲಿ ಅರ್ಧ ಗಡಿಗೆ ಖರ್ಚಾಗುವ ಮಟ್ಟಕ್ಕೆ ಬಂತು. ಗುರುಲಿಂಗಪ್ಪನಿಗೆ ಮಾತ್ರ ಅವಳು ಒಂದು ಗುಟುಕು ಕೊಟ್ಟದ್ದು ನಾನು ನೋಡಿಲ್ಲ; ಅವನು ಕೇಳಿದ್ದೂ ನೋಡಿಲ್ಲ.

ನಾನೂ ಹೋಗಿ ಅವನ ಪಕ್ಕ ಕೂರಬೇಕಿತ್ತು. ಅಂಗಡಿ ಬಿಟ್ಟು ಬರಲು ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ಆಗ ಗಿರಾಕಿಗಳೇ ಇರಲಿಲ್ಲ, ಊರೆಲ್ಲ ಆರೋಗ್ಯವಾಗಿತ್ತು.

ಹೋದ ಬುಧವಾರ ಸಿಂದಗಿ ಕಡೆಯಿಂದ ಬರುವ ಹನ್ನೊಂದರ ಬಸ್ಸು ಬಂದು ನಿಂತಿತು. ಗುರುಲಿಂಗಪ್ಪ ಅಭ್ಯಾಸದಂತೆ ಎದ್ದ. ಮೂರನೆಯ ಕಿಟಕಿಯಲ್ಲಿ ಮಲಕಾಜಪ್ಪನವರು ಕೂತಿದ್ದರು. ಹೊರ್ತಿಯ ಕಡೆ ಯಾರದೋ ಮನೆಗೆ ಹೊರಟಿದ್ದರಂತೆ.

“ಏನ್ರಿ ಬೀಗರ!” ಎಂದರು ಸಂತೋಷದಿಂದ. “ಪ್ಲಾಂಟ್ ಬಿಟ್ಟು ಇಲ್ಲೇನ ಮಾಡಾಕತ್ತೀರಿ?”

ನಾನು ಅಂಗಡಿಯ ಮೆಟ್ಟಿಲಿಗೆ ಬಂದೆ. ಸುಮ್ಮನೆ ಕೂತೇನ್ರಿ ಎಂದರೆ ಮುಗಿಯುತ್ತಿತ್ತು. ಬಸ್ಸು ಹತ್ತು ನಿಮಿಷದಲ್ಲಿ ಹೋಗುತ್ತಿತ್ತು. ಗುರುಲಿಂಗಪ್ಪ ಹಿಂತಿರುಗಿ ರೇವವ್ವನನ್ನು ನೋಡಿದ. ಅವಳು ತಲೆ ಎತ್ತದೆ ಕಡಗೋಲು ಆಡಿಸುತ್ತಿದ್ದಳು. ಬೇಡ ಬಿಡು ಎಂದು ಅವಳು ಅನ್ನಬಹುದು ಎಂದು ನಾನು ಕಾದೆ. ಅನ್ನಲಿಲ್ಲ.

“ಈ ಯಮ್ಮನ ಮಜ್ಜಿಗ್ಯಾಗ ಏನೂ ಇರಲಿಲ್ರಿ,” ಎಂದು ಅವನು ಶುರು ಮಾಡಿದ. “ಕೆಟ್ಟದ್ದು ನಾ ಮಾಡಿದ ನೀರು. ನೀವು ನೋಡಾಕ ಬಂದಿದ್ರಲ್ಲ, ಅವತ್ತಿನ ನೀರು. ಬೆಳ್ಳಗ ಕಾಣಲಿ ಅಂತ ನಾ ಎರಡೂ ತೊಟ್ಟಿ ಬಳದಿದ್ದೆ. ನಿಮ್ಮದೇನೂ ತಪ್ಪಿಲ್ರಿ. ನನ್ನ ಡೌಲಿಗೆ ಬಳದಿದ್ದೆ. ಈ ಯಮ್ಮನ ಮೊಮ್ಮಗಳು ಸಾಯೂದೊಂದು ಉಳದಿತ್ತು. ತಪ್ಪು ನಂದು.”

ದನಿ ಎಷ್ಟು ಸಣ್ಣದಾಗಿತ್ತೆಂದರೆ ಕೊನೆಯ ಮಾತು ನನ್ನ ತನಕ ಬರಲಿಲ್ಲ, ತುಟಿಯಾಡಿದ್ದು ಕಂಡಿತು. ಮಲಕಾಜಪ್ಪನವರ ಮುಖದ ನಗು ಹಾಗೆಯೇ ಇತ್ತು, ತೆಗೆಯಲು ಮರೆತವರಂತೆ. ಡ್ರೈವರು ಎಂಜಿನು ಚಾಲೂ ಮಾಡಿದ.

ರೇವವ್ವ ಕಡಗೋಲು ನಿಲ್ಲಿಸಿದಳು.

“ಹಿಂದಿನ ಸೀಟಿನವರಿಗೆ ಕೇಳಿಲ್ಲ,” ಎಂದಳು. “ಇನ್ನೊಮ್ಮಿ ಹೇಳು.”

ಗುರುಲಿಂಗಪ್ಪ ಬಸ್ಸಿನ ಹಿಂದಿನ ಕಿಟಕಿಗಳ ಕಡೆಗೆ ನಡೆದ. ಗೇರು ಬಿದ್ದ ಸದ್ದಾಯಿತು. ಮಲಕಾಜಪ್ಪನವರು ಸೀಟಿನಿಂದ ಎದ್ದು ನಿಂತು, ಡ್ರೈವರನ ಕಡೆಗೆ ಕೈ ಮಾಡಿದರು.

“ತಡೀರಿ ಡ್ರೈವರ್ ಸಾಹೇಬ್ರ. ಅವರ ಮಾತು ಮುಗೀಲಿ.”